ಮೆಹರುನ್ನಿಸಾಳ ಗಂಟಿನೊಡನೆ ಲೈಡನ್‌ಗೆ

ಸೇಡಂ ರಸ್ತೆ

ಹಾಲೆಂಡಿನಲ್ಲಿ ಆರು ವಾರ ಇದ್ದು ಬಂದೆ ಎಂದರೆ ಎಲ್ಲರೂ ಮೊದಲು ಕೇಳುವುದು ಟ್ಯುಲಿಪ್ ಹೂವಿನ ಹೊಲಗಳ ಬಗ್ಗೆ. ನಾನು ಅವನ್ನು ರೈಲಿನ ಕಿಟಕಿಯಿಂದ ಒಮ್ಮೆ ಕಂಡೆ, ಅದೂ ಇನ್ನೂ ಅರಳಿರದ ಹಸಿರು ಸಾಲುಗಳನ್ನು. ನಾನು ಹೋದದ್ದು ಬೇರೆ ಕೆಲಸಕ್ಕೆ. ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆಯಲ್ಲಿ ನಮ್ಮ ಭಾಗದ ಇಪ್ಪತ್ತೆರಡು ಹೆಂಗಸರ ಗೆಡ್ಡೆಯ ಚೂರುಗಳನ್ನೂ ಅವರ ರಕ್ತದಿಂದ ತೆಗೆದ ಡಿಎನ್ಎಯನ್ನೂ ತೆಗೆದುಕೊಂಡು ಹೋಗಿದ್ದೆ.

ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಗೆಡ್ಡೆಗಳನ್ನು ಪರೀಕ್ಷಿಸುವವಳು ನಾನು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಬರೆದುಕೊಡುವುದು ಸಂಬಳದ ಕೆಲಸ. ಒಂದೇ ಮನೆತನದ ಹೆಂಗಸರಿಗೆ ಸ್ತನದ, ಅಂಡಾಶಯದ ಕ್ಯಾನ್ಸರ್ ಸಾಲಾಗಿ ಏಕೆ ಬರುತ್ತದೆ ಎಂದು ಅವರ ಜೀನ್‌ಗಳಲ್ಲಿ ಹುಡುಕುವುದು ನಾನಾಗಿ ಹಚ್ಚಿಕೊಂಡ ಕೆಲಸ. ಈ ಎರಡರಲ್ಲೂ ನನ್ನ ಜೊತೆಗಿದ್ದವಳು ಮೆಹರುನ್ನಿಸಾ. ಹದಿನೆಂಟು ವರ್ಷ ನನ್ನ ಟೆಕ್ನಿಶಿಯನ್ ಆಗಿದ್ದಳು. ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡು ಕಮಲಾಪುರದಲ್ಲಿ ತಂಗಿ ಶಮೀಮಳ ಮನೆಯಲ್ಲಿದ್ದಳು. ದಿನವೂ ಅಲ್ಲಿಂದ ಬಸ್ಸಿನಲ್ಲಿ ಬಂದು ನನಗಿಂತ ಮೊದಲೇ ಪ್ರಯೋಗಾಲಯದ ಬಾಗಿಲು ತೆರೆದಿರುತ್ತಿದ್ದಳು. ಗೆಡ್ಡೆಯ ಚೂರನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಸುಕ್ಕಿಲ್ಲದಂತೆ ಕೂಡಿಸುವುದು ಅವಳ ಕೆಲಸ. ಆ ಕೈ ನಮ್ಮ ಕಡೆ ಇನ್ನೊಬ್ಬರಿಗಿರಲಿಲ್ಲ.

ಅವಳ ತಾಯಿ ಸ್ತನದ ಕ್ಯಾನ್ಸರಿನಿಂದ ತೀರಿದ್ದಳು, ತಾಯಿಯ ಅಕ್ಕನೂ ಅದರಿಂದಲೇ. ನಾಲ್ಕು ವರ್ಷದ ಹಿಂದೆ ಮೆಹರೂಳ ಅಂಡಾಶಯದಲ್ಲಿ ಗೆಡ್ಡೆ ಕಾಣಿಸಿತು. ಶಸ್ತ್ರಕ್ರಿಯೆ ಆಯಿತು, ಕಿಮೊ ಆಯಿತು, ಕೂದಲು ಮತ್ತೆ ಬಂತು, ಅವಳು ಕೆಲಸಕ್ಕೆ ಮರಳಿದಳು. ನಮ್ಮ ಅಧ್ಯಯನಕ್ಕಾಗಿ ಅವಳ ಗೆಡ್ಡೆಯನ್ನೂ ಸೀಳಬೇಕಿತ್ತು. ಅದನ್ನು ನಾನೇ ಮಾಡುತ್ತೇನೆ ಎಂದೆ.

"ನಿಮ್ಮ ಕೈ ಸುಮಾರ್ ಅದ ರೀ ಮೇಡಂ, ಹರಿದು ಹಾಕ್ತೀರಿ. ನಂದು ನಾನೇ ಕೊಯ್ತೀನಿ" ಎಂದಳು. ಹಾಗೆಯೇ ಕೂತು ಕೊಯ್ದಳು. ಮುಗಿದ ಮೇಲೆ ಕೈ ತೊಳೆದುಕೊಂಡು ಚಹಾ ಮಾಡಿದಳು.

ಅದಕ್ಕೂ ಮೊದಲು, ಕಿಮೊ ನಡೆದಿದ್ದಾಗಲೇ, ಅವಳ ರಕ್ತವನ್ನು ಜೀನ್ ಪರೀಕ್ಷೆಗೆ ಹೊರಗೆ ಕಳಿಸಿದ್ದೆ. ದೋಷವೇನೂ ಸಿಗಲಿಲ್ಲ ಎಂದು ವರದಿ ಬಂತು. ಮೆಹರೂಳನ್ನೂ ಶಮೀಮಳನ್ನೂ ಕೂಡಿಸಿಕೊಂಡು, "ನಿಮ್ಮ ಮನೆತನದ ರಕ್ತದಾಗ ಏನೂ ಇಲ್ಲ. ಶಮೀಮ್ ಅಂಜಬೇಕಾಗಿಲ್ಲ" ಎಂದು ಹೇಳಿದೆ. ಶಮೀಮ್ "ಆಪಾ" ಎಂದು ಅಕ್ಕನನ್ನು ತಬ್ಬಿಕೊಂಡು ಅಲ್ಲೇ ಅತ್ತಳು. ಆಮೇಲೆ ಅವಳು ವರ್ಷವರ್ಷದ ತಪಾಸಣೆಗೆ ಬರುವುದನ್ನೂ ಬಿಟ್ಟಳು.

ಹೋದ ವರ್ಷ ಮೆಹರೂಳಿಗೆ ರೋಗ ಮರಳಿತು. ಒಂದೇ ಮನೆಯಲ್ಲಿ ಮೂವರು ಹೆಂಗಸರು. ನನ್ನ ಮನಸ್ಸು ಆ ಹಳೆಯ ವರದಿಯನ್ನು ಒಪ್ಪದಾಯಿತು. ನಮ್ಮಲ್ಲಿಲ್ಲದ ಪರೀಕ್ಷೆಗಳು ಹಾಲೆಂಡಿನ ಲೈಡನ್ ಊರಿನ ಒಂದು ಪ್ರಯೋಗಾಲಯದಲ್ಲಿದ್ದವು. ಅವರು ಕರೆದರು, ಅನುಮತಿಯ ಕಾಗದಗಳು ಕೈಗೆ ಬರುವುದರೊಳಗೆ ಎಷ್ಟೋ ತಿಂಗಳಾದವು. ಹೊರಡುವ ಹಿಂದಿನ ದಿನ ನಾನು ಪೆಟ್ಟಿಗೆ ತುಂಬುವಾಗ ಮೆಹರೂ ಕುರ್ಚಿಯಲ್ಲಿ ಕೂತು ಎಣಿಸುತ್ತಿದ್ದಳು. ಹೊಟ್ಟೆಯಲ್ಲಿ ನೀರು ತುಂಬಿ ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ.

"ನಂದು ಮ್ಯಾಲಿಡ್ರಿ" ಎಂದಳು. "ನನಗಂತೂ ಹೋಗಾಕ ಆಗಂಗಿಲ್ಲ. ನನ್ನ ಗಂಟಾರೆ ಫಾರಿನ್ ನೋಡ್ಲಿ."

ಆಮ್‌ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣ

ಸುಂಕದ ಅಧಿಕಾರಿ ಎತ್ತರದ ಮನುಷ್ಯ. ಪೆಟ್ಟಿಗೆ ತೆರೆದು, ಸಾಲಾಗಿ ಇಟ್ಟ ಮೇಣದ ಬಿಲ್ಲೆಗಳನ್ನು ನೋಡಿ, "ಮೇಣದಬತ್ತಿಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಕಾಗದದ ಕಟ್ಟನ್ನು ಮುಂದಿಟ್ಟೆ. ಅವನಿಗೆ ಕಾಗದಕ್ಕಿಂತ ಉತ್ತರ ಬೇಕಿತ್ತು. ಒಳಗೇನಿದೆ ಎಂದು ಮತ್ತೆ ಕೇಳಿದ.

"ಕ್ಯಾನ್ಸರ್" ಎಂದೆ.

ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ನಮ್ಮ ಊರಲ್ಲಿ ಆ ಶಬ್ದವನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಮಂದಿ "ಆ ಬ್ಯಾನಿ" ಎನ್ನುತ್ತಾರೆ, ಡಾಕ್ಟರರು ಸಿ.ಎ. ಎಂದು ಎರಡು ಇಂಗ್ಲಿಷ್ ಅಕ್ಷರ ಹೇಳಿ ಸುಮ್ಮನಾಗುತ್ತಾರೆ. ಇಲ್ಲಿ ನನ್ನ ಹಿಂದೆ ಸಾಲಿನಲ್ಲಿ ನಿಂತವರು ತಲೆಯೆತ್ತಲೂ ಇಲ್ಲ. ಅಧಿಕಾರಿ ಒಂದೊಂದೇ ಕಾಗದ ಓದಿ, ಪೆಟ್ಟಿಗೆಯ ಮುಚ್ಚಳವನ್ನು ಎರಡೂ ಕೈಯಿಂದ ಮುಚ್ಚಿದ. "ನನ್ನ ತಾಯಿಗೂ ಇತ್ತು" ಎಂದು, ಹವಾಮಾನದ ಸುದ್ದಿ ಹೇಳುವವನ ಹಾಗೆ ಹೇಳಿ, ಹೋಗಬಹುದು ಎಂದು ಕೈ ತೋರಿಸಿದ.

ಲೈಡನ್, ಮೊದಲ ವಾರ

ಪ್ರಯೋಗಾಲಯದಲ್ಲಿ ನನಗೆ ಕೆಲಸ ಕಲಿಸಬೇಕಾದವರು ಅನ್ನೆಕೆ ಎಂಬಾಕೆ. ಅರವತ್ತರ ಹತ್ತಿರದ ವಯಸ್ಸು, ಗಿಡ್ಡ ಕೂದಲು, ಮಾತು ಕಡ್ಡಿ ಮುರಿದಂತೆ. ಅವರ ಮನೆಯ ಮೇಲಿನ ಕೋಣೆಯಲ್ಲೇ ನನ್ನ ವಾಸ. ಮನೆ ಕಾಲುವೆಯ ದಂಡೆಯಲ್ಲಿತ್ತು. ಆ ಬೀದಿಯ ಮನೆಗಳ ಕಿಟಕಿಗೆ ಪರದೆಯಿಲ್ಲ. ಸಂಜೆ ದೀಪ ಹಚ್ಚಿದರೆ ಒಳಗಿನವರು ಉಣ್ಣುವುದು, ಪುಸ್ತಕ ಓದುವುದು, ಸೋಫಾದ ಮೇಲೆ ತೂಕಡಿಸುವುದು ಎಲ್ಲ ಹಾದಿಯವರಿಗೆ ಕಾಣುತ್ತಿತ್ತು. ನಾನು ಮೊದಲೆರಡು ದಿನ ನೆಲ ನೋಡುತ್ತ ನಡೆದೆ. ಯಾರಾದರೂ ನೋಡಿದರೆ ಏನು ಗತಿ ಎಂದು ಅನ್ನೆಕೆಯವರನ್ನು ಕೇಳಿದೆ. "ನೋಡಲಿ. ಮುಚ್ಚಿಡುವಂಥದ್ದು ಏನಿದೆ?" ಎಂದರು.

ಮಧ್ಯಾಹ್ನದ ಊಟ ತಣ್ಣನೆಯ ಬ್ರೆಡ್ಡು, ಚೀಸು, ಮತ್ತೆ ಒಂದು ಲೋಟ ಮಜ್ಜಿಗೆ. ಮಜ್ಜಿಗೆ ಕಂಡು ಜೀವ ಬಂದಂತಾಯಿತು, ಉಪ್ಪು ಕೇಳಿದೆ. ಮೇಜಿನ ಸುತ್ತ ಕೂತವರೆಲ್ಲ ನಾನು ಮಜ್ಜಿಗೆಗೆ ಉಪ್ಪು ಹಾಕಿ ಬೆರಳಿನಿಂದ ಕದಡುವುದನ್ನು ಉಸಿರು ಬಿಗಿಹಿಡಿದು ನೋಡಿದರು. ಚಹಾದ ಜೊತೆಗೆ ಬಿಸ್ಕತ್ತಿನ ಡಬ್ಬಿ ಒಂದು ಸುತ್ತು ಬರುತ್ತದೆ, ಒಂದು ತೆಗೆದುಕೊಂಡೊಡನೆ ಮುಚ್ಚಳ ಬೀಳುತ್ತದೆ. ಇದನ್ನೆಲ್ಲ ಮೆಹರೂಳಿಗೆ ದಿನವೂ ಫೋನಿನಲ್ಲಿ ಹೇಳುತ್ತಿದ್ದೆ. ಅವಳು ದನಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದಳು. ನಡುನಡುವೆ ಉಸಿರು ಸಾಲದೆ ನಿಲ್ಲುತ್ತಿತ್ತು. "ಒಂದ ಬಿಸ್ಕೀಟ್ ಕೊಡ್ತಾರೇನ್ರಿ? ನಮ್ಮ ಕಡಿ ಬಂದ್ರ ಅವರಿಗಿ ಸಜ್ಜಕದ ಹೋಳಿಗಿ ಹಾಕಿ ಹೈರಾಣ ಮಾಡಮು ತಗೋರಿ. ನನ್ನ ಗಂಟು ಏನಂತದ?"

ಆ ವಾರದ ಕೊನೆಗೆ ಅನ್ನೆಕೆ ನಾನು ತಂದಿದ್ದ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಒಂದರ ಬಳಿ ನಿಂತರು.

"ಇದನ್ನು ಕೊಯ್ದವರು ಯಾರು?"

"ನನ್ನ ಟೆಕ್ನಿಶಿಯನ್."

"ಮೂವತ್ತೈದು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಇಷ್ಟು ಚೆನ್ನಾಗಿ ನನಗೆ ಬರುವುದಿಲ್ಲ. ಅವಳಿಗೆ ಹೇಳಿ."

"ಹೇಳುತ್ತೇನೆ" ಎಂದೆ. "ಆ ಗೆಡ್ಡೆಯೂ ಅವಳದೇ."

ಅನ್ನೆಕೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಆ ಗಾಜನ್ನು ತಾವೇ ಒರೆಸಿ ತಟ್ಟೆಯಲ್ಲಿಟ್ಟರು. ಸಂಜೆ ಮೆಹರೂಳಿಗೆ ಇದನ್ನು ತಿಳಿಸಿದಾಗ ನಕ್ಕಳು. "ಆಕಿ ಫೋಟೋ ಕಳಸ್ರಿ. ನೋಡ್ತೀನಿ, ನನ್ನ ಕೈ ಹೊಗಳಿದಾಕಿ ಹ್ಯಾಂಗದಾಳ ಅಂತ."

ಸೈಕಲ್ಲು, ಹುಟ್ಟುಹಬ್ಬ

ಅನ್ನೆಕೆ ತಮ್ಮ ಹಳೆಯ ಸೈಕಲ್ಲು ಕೊಟ್ಟರು. ಸೇಡಂ ರಸ್ತೆಯಲ್ಲಿ ಎಮ್ಮೆ, ಆಟೊ, ಟ್ರ್ಯಾಕ್ಟರುಗಳ ನಡುವೆ ಇಪ್ಪತ್ತು ವರ್ಷ ಸ್ಕೂಟರ್ ಓಡಿಸಿದ ನನಗೆ ಇದೇನು ದೊಡ್ಡದು ಎನ್ನಿಸಿತು. ಶನಿವಾರ ಸಂತೆಗೆ ಹೊರಟೆ. ಕಾಲುವೆಯ ದಂಡೆಯ ಅಂಗಡಿಗಳ ಬಳಿ ಜನ ಕಂಡು ಬ್ರೇಕ್ ಹಿಡಿಯಲು ಬೆರಳು ಚಾಚಿದರೆ ಹಿಡಿಕೆಯಲ್ಲಿ ಬ್ರೇಕೇ ಇಲ್ಲ. ಆ ಸೈಕಲ್ಲಿಗೆ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಎನ್ನುವುದನ್ನು ಯಾರೂ ಹೇಳಿರಲಿಲ್ಲ. ನೇರ ಹೋಗಿ ಚೀಸ್ ಅಂಗಡಿಗೆ ಗುದ್ದಿದೆ. ಅಂಗಡಿಯವನು ಮೊದಲು ಉರುಳಿದ, ಗಾಲಿಯಂತೆ ದುಂಡಗಿನ ಚೀಸನ್ನು ಎತ್ತಿದ, ಆಮೇಲೆ ನನ್ನನ್ನು. ಬೈಯಲಿಲ್ಲ. ಎದ್ದು ನಿಂತ ನನಗೆ ಒಂದು ಚೂರು ಚೀಸು ಕೊಟ್ಟು ರುಚಿ ನೋಡೆಂದ. ಮೊಣಕಾಲಿನ ರಕ್ತ ಒರೆಸಿಕೊಳ್ಳುತ್ತ ತಿಂದೆ.

ಮರುದಿನ ಅನ್ನೆಕೆಯವರ ಮಗಳ ಹುಟ್ಟುಹಬ್ಬ. ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬಂದವರು ಮಗಳಿಗೆ ಅಭಿನಂದನೆ ಹೇಳಿ ಅಲ್ಲಿಗೇ ನಿಲ್ಲಲಿಲ್ಲ. ತಾಯಿಗೆ, ಸೋದರಮಾವನಿಗೆ, ಅಜ್ಜಿಗೆ, ಕೊನೆಗೆ ಮೂಲೆಯಲ್ಲಿ ಕೂತ ನನಗೂ ಕೈಕುಲುಕಿ ಅಭಿನಂದಿಸಿದರು. ನನಗೇಕೆ ಎಂದು ಕೇಳಿದ್ದಕ್ಕೆ ಅಜ್ಜಿ ಹೇಳಿದ್ದನ್ನು ಅನ್ನೆಕೆ ಇಂಗ್ಲಿಷಿಗೆ ತಿರುಗಿಸಿದರು: "ಮನೆಯಲ್ಲಿ ಒಬ್ಬರಿಗೆ ಆದದ್ದು ಎಲ್ಲರಿಗೂ ಆದ ಹಾಗೆ." ಕೇಕಿನ ತಟ್ಟೆ ಮತ್ತೆ ಬಂದಾಗ ನಮ್ಮ ಪದ್ಧತಿಯಂತೆ ಮೊದಲ ಸಲ ಬೇಡ ಎಂದೆ, ಒತ್ತಾಯ ಮಾಡುತ್ತಾರೆಂದು. ತಟ್ಟೆ ಮುಂದಕ್ಕೆ ಹೋಯಿತು, ತಿರುಗಿ ಬರಲೇ ಇಲ್ಲ.

ಶುಕ್ರವಾರ

ಮೂರನೆಯ ವಾರ. ಊಟದ ಮೇಜಿನಲ್ಲಿದ್ದೆ. ಮೆಹರೂಳ ಫೋನಿನಿಂದ ಕರೆ ಬಂತು. ಮಾತಾಡಿದ್ದು ಶಮೀಮ್.

"ಮೇಡಂ, ಆಪಾ ಹೋದ್ಳು ರೀ."

ಯಾವಾಗ ಎಂದು ಕೇಳಿದೆ.

"ಮುಂಜಾನಿ. ಜುಮ್ಮಾ ನಮಾಜ್ ಆದ ಮ್ಯಾಲ ಮಣ್ಣು ಕೊಟ್ಟು ಬಂದಾರ. ನೀವು ಓಡಿ ಬರೂದು ಬ್ಯಾಡ ರೀ. ಮೇಡಂಗ ಕೆಲಸ ಮುಗಿಸಿಕೊಂಡೇ ಬರಾಕ ಹೇಳಂತ ಆಕೀನೆ ಹೇಳ್ಯಾಳ." ಮತ್ತೆ ಹೇಳಿದಳು: "ನಿನ್ನೆ ನನ್ನ ಕೈ ಹಿಡಕೊಂಡು ಅಂದ್ಳು, ನೀ ಅಂಜಬ್ಯಾಡ, ಸಬಾಗೂ ಅಂಜಬ್ಯಾಡ ಅಂತ ಹೇಳು, ನಿಮಗ ಇದು ಬರಂಗಿಲ್ಲ, ಮೇಡಂ ಹೇಳ್ಯಾರ ಅಂತ."

ಸಬಾ ಶಮೀಮಳ ಮಗಳು, ಕಾಲೇಜಿನಲ್ಲಿ ಓದುತ್ತಾಳೆ.

ಫೋನು ಇಟ್ಟ ಮೇಲೆ ನಾನು ಊಟದ ತಟ್ಟೆ ತೊಳೆದೆ. ಆ ದೇಶದಲ್ಲಿ ಯಾರೂ ಎದೆ ಬಡಿದುಕೊಂಡು ಅಳುವುದನ್ನು ನಾನು ಕಂಡಿರಲಿಲ್ಲ; ನನಗೂ ಅಲ್ಲಿ ಅಳಲು ಆಗಲಿಲ್ಲ. ಅನ್ನೆಕೆ ಬಂದು ಕೇಳಿದರು, ಹೇಳಿದೆ. ಅವರು ನನ್ನನ್ನು ಮನೆಗೆ ಹೋಗು ಎನ್ನಲಿಲ್ಲ, ದೇವರ ಇಚ್ಛೆ ಎನ್ನಲಿಲ್ಲ. "ಅವಳು ಹೇಗಿದ್ದಳು? ಹೇಳಿ" ಎಂದು ಎದುರು ಕೂತರು. ಬಸ್ಸಿನಲ್ಲಿ ನಿಂತೇ ಬರುತ್ತಿದ್ದಳು ಎಂಬುದರಿಂದ ಶುರುಮಾಡಿದೆ. ಮಧ್ಯಾಹ್ನವೆಲ್ಲ ಹೇಳಿದೆ.

ಅರ್ಧ ಎತ್ತರ

ಮುಂದಿನ ಮಂಗಳವಾರ ಮೆಹರೂಳ ರಕ್ತದ ಡಿಎನ್ಎ ಪರೀಕ್ಷೆಗೆ ಬಂತು.

ಒಂದು ಮಾತು ವಿವರಿಸಬೇಕು. ನಮ್ಮ ಒಂದೊಂದು ಜೀನ್‌ಗೂ ಎರಡು ಪ್ರತಿ ಇರುತ್ತದೆ, ತಾಯಿಯದೊಂದು, ತಂದೆಯದೊಂದು. ಡಿಎನ್ಎ ಮುರಿದಾಗ ಅದನ್ನು ದುರಸ್ತಿ ಮಾಡಲು ಬೇಕಾದ ಒಂದು ಜೀನ್ ಕೆಟ್ಟಿದ್ದರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ದಾರಿಯಾಗುತ್ತದೆ. ಊರಿನಿಂದ ನಾವು ಮಾಡಿಸಿದ ಪರೀಕ್ಷೆ ಆ ಜೀನಿನ ಅಕ್ಷರಗಳನ್ನು ಓದಿ ತಪ್ಪು ಹುಡುಕುವಂಥದ್ದು. ಆದರೆ ಒಂದು ಪ್ರತಿಯಿಂದ ಇಡೀ ತುಂಡೇ ಕಳೆದುಹೋಗಿದ್ದರೆ? ಆಗ ಅದು ಉಳಿದ ಒಳ್ಳೆಯ ಪ್ರತಿಯನ್ನೇ ಓದಿ, ಎಲ್ಲ ಸರಿಯಿದೆ ಎನ್ನುತ್ತದೆ. ಲೈಡನ್‌ನಲ್ಲಿ ಅವರು ಅಕ್ಷರ ಓದುವುದರ ಜೊತೆಗೆ ಪ್ರತಿಗಳನ್ನೂ ಎಣಿಸುತ್ತಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಜೀನಿನ ಒಂದೊಂದು ಭಾಗಕ್ಕೆ ಒಂದೊಂದು ಶಿಖರ ಏಳುತ್ತದೆ. ಎಲ್ಲ ಒಂದೇ ಎತ್ತರ ಇರಬೇಕು.

ಮೆಹರೂಳ ಸಾಲಿನಲ್ಲಿ ಎರಡು ಶಿಖರಗಳು ಅರ್ಧ ಎತ್ತರದವು.

ಅನ್ನೆಕೆ ಮತ್ತೊಮ್ಮೆ ಮಾಡಿಸಿದರು. ಅದೇ ಬಂತು. ತಾಯಿಯಿಂದ ಬಂದದ್ದೇ ಇರಬೇಕು. ಹಾಗಿದ್ದರೆ ಶಮೀಮಳಲ್ಲಿಯೂ ಇರುವ ಸಾಧ್ಯತೆ ಅರ್ಧಕ್ಕರ್ಧ.

"ಕುಟುಂಬಕ್ಕೆ ಏನೂ ಇಲ್ಲ ಎಂದು ಹೇಳಿದ್ದಿರಾ?" ಅನ್ನೆಕೆ ಕೇಳಿದರು.

"ಹೌದು."

"ಹಳೆಯ ವರದಿಯಲ್ಲಿ ಈ ಪರೀಕ್ಷೆಗೆ ದೊಡ್ಡ ತುಂಡು ಕಳೆದುಹೋದದ್ದು ಕಾಣುವುದಿಲ್ಲ ಎಂದು ಬರೆದಿರಲಿಲ್ಲವೇ?"

ಬರೆದಿತ್ತು. ಕೊನೆಯ ಸಾಲು, ಚಿಕ್ಕ ಅಕ್ಷರ. ನಾನು ಓದಿದ್ದೆ. ಕಿಮೊ ಮುಗಿಸಿ ಬೋಳು ತಲೆಗೆ ದುಪಟ್ಟಾ ಸುತ್ತಿಕೊಂಡು ಎದುರು ಕೂತಿದ್ದ ಮೆಹರೂ, ಪಕ್ಕದಲ್ಲಿ ಅಕ್ಕನ ತೋಳು ಹಿಡಿದು ಕೂತಿದ್ದ ಅವಳ ತಂಗಿ. ಅಪರೂಪಕ್ಕೆ ಆಗುವುದನ್ನು ಹೇಳಿ ಇವರನ್ನೇಕೆ ಹೆದರಿಸಲಿ ಎಂದು ಆ ಸಾಲನ್ನು ನುಂಗಿಕೊಂಡಿದ್ದೆ. ಇದನ್ನು ಅನ್ನೆಕೆಗೆ ಹೇಳಿ, ನಮ್ಮಲ್ಲಿ ಹೀಗೆಲ್ಲ ನೇರವಾಗಿ ಹೇಳುವ ರೂಢಿಯಿಲ್ಲ ಎಂದೂ ಸೇರಿಸಿದೆ.

"ರೂಢಿಯ ಮಾತಲ್ಲ ಅದು" ಎಂದರು ಅವರು. "ನೀವು ಹೇಳಿದ್ದು ನಿಜವಾಗಿರಲಿಲ್ಲ. ಹೋಗಿ ಅದನ್ನು ಹೇಳಬೇಕು."

ನನಗೆ ಸಿಟ್ಟು ಬಂತು. ಎರಡು ದಿನ ಅವರೊಡನೆ ಕೆಲಸದ ಮಾತಷ್ಟೇ ಆಡಿದೆ. ಮೂರನೆಯ ದಿನ ಬೆಳಿಗ್ಗೆ ಕಾಲುವೆಯ ದಂಡೆಯಲ್ಲಿ ನಡೆಯುತ್ತ, ಯಾರಿಗೂ ತಿಳಿಯುವುದಿಲ್ಲವೆಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ: "ಶಮೀಮ್, ನಾ ಹೇಳಿದ್ದು ತಪ್ಪು." ನಾಯಿ ಹಿಡಿದುಕೊಂಡು ಎದುರು ಬಂದ ಮುದುಕ ತನಗೇ ಹೇಳಿದೆನೆಂದುಕೊಂಡು ಟೋಪಿ ಮುಟ್ಟಿ ನಮಸ್ಕರಿಸಿದ. ಅಲ್ಲಿ ಒಂದು ಬೆಂಚಿತ್ತು. ಅದರ ಮೇಲೆ ಕೂತು, ಆ ಶುಕ್ರವಾರದಿಂದ ಬಾರದಿದ್ದ ಅಳು ಅತ್ತೆ.

ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಉಳಿದ ಹೆಂಗಸರ ಕೆಲಸ ಮುಗಿಸಿ ಹೊರಟೆ. ಅನ್ನೆಕೆ ನಿಲ್ದಾಣಕ್ಕೆ ಬಂದು ಮೂರು ಸಲ ಕೆನ್ನೆಗೆ ಕೆನ್ನೆ ತಾಗಿಸಿದರು, ಅವರ ರೂಢಿಯಂತೆ.

ಕಮಲಾಪುರ

ಊರಿಗೆ ಬಂದ ಎರಡನೆಯ ದಿನ ಬಸ್ಸು ಹತ್ತಿದೆ. ಶಮೀಮ್ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಗಂಡ ಕಪನೂರಿನ ಬೇಳೆ ಗಿರಣಿಯಲ್ಲಿ ಕೆಲಸಕ್ಕೆ ಹೋಗಿದ್ದ. ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು ತಂದಿಟ್ಟಳು. ಒಂದು ತಿಂದೆ, ತಿನ್ನದಿದ್ದರೆ ಮಾತು ಶುರುಮಾಡಬೇಕಾಗುತ್ತಿತ್ತು. ಇನ್ನೊಂದು ಇಟ್ಟಳು.

"ಶಮೀಮ್, ಆಪಾನ ರಕ್ತದಾಗ ಅಲ್ಲಿ ಸಿಕ್ತು" ಎಂದೆ. "ಜೀನ್‌ದಾಗಿಂದು ಒಂದು ತುಂಡು ಇಲ್ಲ. ಅದು ನಿಮ್ಮ ತಾಯಿ ಕಡಿಂದ ಬಂದದ್ದಿರಬೇಕು. ನಿನಗೂ ಇರಬಹುದು."

"ಏನೂ ಇಲ್ಲ ಅಂದಿದ್ರಲ್ಲ ರೀ."

"ತಪ್ಪು ಹೇಳಿದ್ದೆ. ಆ ಪರೀಕ್ಷಾಕ್ಕ ಇಂಥಾದ್ದು ಕಾಣಂಗಿಲ್ಲ ಅಂತ ಕಾಗದದಾಗ ಬರದಿತ್ತು. ನಾ ಓದಿದ್ದೆ. ನಿಮಗ ಹೇಳಲಿಲ್ಲ."

"ಯಾಕ್ರಿ?"

"ನೀವಿಬ್ಬರೂ ಭಾಳ ದಣದಿದ್ರಿ. ಅಂಜಸೂದು ಬ್ಯಾಡ ಅನಿಸ್ತು."

ಶಮೀಮ್ ಮಷೀನಿನ ಮೇಲಿದ್ದ ಬಟ್ಟೆಯನ್ನು ಮಡಿಸತೊಡಗಿದಳು. ಅರ್ಧ ಹೊಲಿದ ಕುಪ್ಪಸ ಅದು. ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

"ಆಪಾಗ ಇದು ಗೊತ್ತಾಗಿತ್ತೇನ್ರಿ?"

"ಇಲ್ಲ. ಆಕಿ ಹೋದ ಮ್ಯಾಲ ನಮಗ ತಿಳೀತು."

"ಹಂಗಾದ್ರ ಚೊಲೊ ಆತು. ಸಮಾಧಾನಲೇ ಹೋದ್ಳು." ಆಮೇಲೆ ನನ್ನ ಮುಖ ನೋಡಿ ಹೇಳಿದಳು: "ನಿಮ್ಮ ಮ್ಯಾಲ ಸಿಟ್ಟು ಬರಬೇಕು ರೀ ನನಗ. ಈಗ ಬರವಲ್ದು. ಆಮ್ಯಾಲ ಬರ್ತದ. ಮೊದಲು ರಕ್ತ ತಗೀರಿ."

ರಕ್ತ ತೆಗೆಯುವುದು ಹದಿನೆಂಟು ವರ್ಷ ಮೆಹರೂಳ ಕೆಲಸವಾಗಿತ್ತು. ನನಗೆ ಎರಡು ಸಲ ನರ ತಪ್ಪಿತು. ಶಮೀಮ್ ಕೈ ಹಿಂದೆಗೆಯಲಿಲ್ಲ.

ಮತ್ತೆ ಸೇಡಂ ರಸ್ತೆ

ಶಮೀಮಳ ಜೀನಿನಿಂದಲೂ ಅದೇ ತುಂಡು ಕಳೆದುಹೋಗಿತ್ತು. ಅದನ್ನು ತಿಳಿಸಿದ ದಿನ ಅವಳಿಗೆ ಸಿಟ್ಟು ಬಂತು. ಮೂರು ವಾರ ನನ್ನ ಫೋನು ಎತ್ತಲಿಲ್ಲ. ಕಾಗದಪತ್ರಕ್ಕೆ ಸಬಾಳನ್ನು ಕಳಿಸುತ್ತಿದ್ದಳು. ಸಬಾ ಬಾಗಿಲಲ್ಲೇ ನಿಂತು ತೆಗೆದುಕೊಂಡು ಹೋಗುತ್ತಿದ್ದಳು. ತನ್ನ ಪರೀಕ್ಷೆಯ ಮಾತನ್ನು ಅವಳಾಗಿ ಎತ್ತಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಆಮೇಲೆ ಶಮೀಮ್ ಬಂದು ಶಸ್ತ್ರಕ್ರಿಯೆಗೆ ಒಪ್ಪಿದಳು. ಅಂಡಾಶಯ, ಅದರ ನಾಳ, ಎರಡೂ ಕಡೆಯವನ್ನು ತೆಗೆದರು. ಕಣ್ಣಿಗೆ ಕಾಣುವ ಗೆಡ್ಡೆ ಎಲ್ಲೂ ಇರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಡಗಡೆಯ ನಾಳದ ತುದಿಯಲ್ಲಿ ಒಂದೆಡೆ ಕೋಶಗಳು ಕಪ್ಪಾಗಿ ಒತ್ತೊತ್ತಾಗಿ ನಿಂತಿದ್ದವು. ಸಾಸಿವೆಗಿಂತ ಚಿಕ್ಕ ಜಾಗ. ಶುರುವಾಗಿತ್ತು, ಹೊರಗೆ ಹಬ್ಬಿರಲಿಲ್ಲ. ಮೆಹರೂ ಇದ್ದಿದ್ದರೆ ಮೊದಲು ಅವಳನ್ನು ಕರೆದು ತೋರಿಸುತ್ತಿದ್ದೆ. ಕರೆಯಲು ತಲೆ ತಿರುಗಿಸಿದ್ದೂ ಹೌದು. ವರದಿಯನ್ನು ಶಮೀಮಳ ಮುಂದಿಟ್ಟು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ ಹೇಳಿದೆ. ಅವಳು ಕೇಳಿಸಿಕೊಂಡು, "ಇನ್ನ ವರ್ಷಾ ಬರಬೇಕೇನ್ರಿ?" ಎಂದಳು. ಬರಬೇಕು ಎಂದೆ.

ಹೋದ ತಿಂಗಳು ಅವಳು ಕ್ಯಾನ್ಸರಿನಿಂದ ತೀರಿದ್ದ ತನ್ನ ದೊಡ್ಡಮ್ಮನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು. ಕಿರಿಯವಳ ರಕ್ತ ಸರಿಯಿತ್ತು. ಹಿರಿಯವಳಲ್ಲಿ ಆ ಎರಡು ಶಿಖರ ಅರ್ಧಕ್ಕೇ ನಿಂತಿದ್ದವು. ಫಲಿತಾಂಶ ಕೇಳಲು ಬಂದ ದಿನ ಅವಳು ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಕಾಗದ ತೆರೆದು ಶುರುಮಾಡಿದೆ. ಅವಳ ಕನ್ನಡ ಅಷ್ಟಕ್ಕಷ್ಟೇ. ನನ್ನ ಮಾತು ಅವಳಿಗೆ ಹೆದರಿಕೆಯನ್ನಷ್ಟೇ ಮುಟ್ಟಿಸುತ್ತಿತ್ತು. ಶಮೀಮ್ ತನ್ನ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು. ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮೊಣಕಾಲಿನ ಮೇಲಿಟ್ಟು, ತಮ್ಮ ಮನೆಯ ದಖ್ಖನಿ ಉರ್ದುವಿನಲ್ಲಿ ಮೆಲ್ಲಗೆ ಮೊದಲಿನಿಂದ ಹೇಳತೊಡಗಿದಳು. ತಾಯಿಯ ಹೆಸರು ಬಂತು, ಆಪಾನ ಹೆಸರು ಬಂತು. ನಾನು ನಡುವೆ ಬಾಯಿ ಹಾಕದೆ ಕೇಳುತ್ತ ಕೂತೆ.